ಓದುಗರ ಪ್ರಶ್ನೆಗಳಿಗೆ ಉತ್ತರ: ಮಲಪ್ರಭೆಯ ದಂಡೆಯಿಂದ ವಿಜಯಪುರದವರೆಗೆ

ಬಾದಾಮಿ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ, ಗದಗ ಮತ್ತು ವಿಜಯಪುರ ಸೀಮೆಯ ಪ್ರವಾಸವನ್ನು ಕುರಿತು ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿಕೊಂಡಿದ್ದೇವೆ.

ಪ್ರಶ್ನೆ: ಎಪ್ಪತ್ತು ದಾಟಿದ ತಂದೆ-ತಾಯಿಯನ್ನು ಕರೆದುಕೊಂಡು ಐದು ದಿನಗಳ ಪ್ರವಾಸ ಹೊರಟಿದ್ದೇವೆ. ಅವರಿಗೆ ದೇವರ ದರ್ಶನವಾಗಬೇಕು, ನಮಗೆ ಸ್ಮಾರಕಗಳನ್ನು ನೋಡಬೇಕು. ಎಲ್ಲಿ ಉಳಿದುಕೊಳ್ಳಬೇಕು? ಯಾವುದನ್ನು ಮೊದಲು ನೋಡಬೇಕು? (ಓದುಗರು, ದಾವಣಗೆರೆ)

ಉತ್ತರ: ದರ್ಶನದ ಊರು ಬೇರೆ, ಸ್ಮಾರಕದ ಊರು ಬೇರೆ ಎಂದು ಈ ಸೀಮೆಯಲ್ಲಿ ಗೆರೆ ಎಳೆಯುವುದು ಕಷ್ಟ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಸ್ಮಾರಕವೂ ಹೌದು, ಇಂದಿಗೂ ಪೂಜೆ ನಡೆಯುವ ಗುಡಿಯೂ ಹೌದು. ಮಹಾಕೂಟದ ಪುಷ್ಕರಿಣಿಯಲ್ಲಿ ಮಿಂದು ಮಹಾಕೂಟೇಶ್ವರನಿಗೆ ಕೈಮುಗಿಯುವವರು ನಿಂತಿರುವುದು ಬಾದಾಮಿ ಚಾಲುಕ್ಯರ ಕಾಲದ ಗುಡಿಯ ಮುಂದೆಯೇ. ಆದ್ದರಿಂದ ಹಿರಿಯರನ್ನು ಒಂದು ಕಡೆ ಕೂರಿಸಿ ನೀವು ಇನ್ನೊಂದು ಕಡೆ ಓಡಾಡಬೇಕಾದ ಪ್ರಮೇಯ ಹೆಚ್ಚಾಗಿ ಬರುವುದಿಲ್ಲ.

ಮೂರು ರಾತ್ರಿ ಬಾದಾಮಿಯಲ್ಲಿ, ಕೊನೆಯದು ವಿಜಯಪುರದಲ್ಲಿ ಎಂದು ಇಟ್ಟುಕೊಳ್ಳುವುದು ಒಳ್ಳೆಯದು. ತಲುಪಿದ ದಿನ ಸಂಜೆ, ಊರಿನಿಂದ ಸುಮಾರು ಐದು ಕಿಲೋಮೀಟರ್ ದೂರದ ಬನಶಂಕರಿಗೆ ಹೋಗಿಬನ್ನಿ. ಮರುದಿನ ಬೆಳಿಗ್ಗೆ ಬಿಸಿಲೇರುವ ಮುನ್ನ ಬಾದಾಮಿಯ ಗುಹಾಲಯಗಳನ್ನು, ಸ್ಥಳೀಯರು ಹೇಳುವಂತೆ ಮೇಣಬಸದಿಯನ್ನು, ನೋಡಬೇಕು. ಗುಹೆಯಿಂದ ಗುಹೆಗೆ ಮೆಟ್ಟಿಲು ಹತ್ತಬೇಕಾಗುವುದರಿಂದ ಮಂಡಿನೋವಿನವರು ನಾಲ್ಕನ್ನೂ ಹತ್ತಲೇಬೇಕೆಂಬ ಹಟ ಮಾಡುವುದು ಬೇಡ. ಹದಿನೆಂಟು ಕೈಗಳ ನಟರಾಜ ಮೊದಲನೆಯ ಗುಹೆಯ ಹೊರಗೋಡೆಯಲ್ಲಿಯೇ ಇದ್ದಾನೆ; ಅವನನ್ನು ನೋಡಿ, ಗುಹೆಯೊಳಗೆ ಒಂದಿಷ್ಟು ಕುಳಿತು ಇಳಿದುಬಂದರೂ ಬಾದಾಮಿಯನ್ನು ನೋಡಿದಂತೆಯೇ. ಉಳಿದವರು ಮೂರನೆಯ ಗುಹೆಯವರೆಗಂತೂ ಹೋಗಲೇಬೇಕು. ಮಂಗಳೇಶ ಮಾಡಿಸಿದ, ಕ್ರಿ.ಶ. 578ರ ಶಾಸನವಿರುವ ಆ ವಿಷ್ಣುಗುಹೆ ನಾಲ್ಕರಲ್ಲಿ ಅತಿ ದೊಡ್ಡದು. ಅದರ ಕಂಬಗಳ ಮೇಲ್ಭಾಗದಲ್ಲಿ ಕೆತ್ತಿರುವ ದಂಪತಿ ಶಿಲ್ಪಗಳನ್ನು ಕತ್ತೆತ್ತಿ ನೋಡದೆ ಹೊರಬರುವವರೇ ಹೆಚ್ಚು. ಅಲ್ಲಿ ಮಂಗಗಳ ಕಾಟ ವಿಪರೀತ. ಕೈಯಲ್ಲಿ ತಿಂಡಿಯ ಚೀಲ ಹಿಡಿದು ಹತ್ತಬೇಡಿ.

ಸಂಜೆ ಬಾದಾಮಿಯ ಕೆರೆಯಾದ ಅಗಸ್ತ್ಯತೀರ್ಥದ ಪೂರ್ವದ ದಂಡೆಯ ಭೂತನಾಥ ಗುಡಿಗಳ ಕಡೆ ಹೋಗಿ. ಪಡುವಣ ಬಿಸಿಲು ನೇರವಾಗಿ ಆ ಗುಡಿಗಳ ಮೇಲೂ ಹಿಂದಿನ ಕೆಂಪು ಬಂಡೆಯ ಮೇಲೂ ಬೀಳುವ ಹೊತ್ತದು. ದಾರಿ ಹೆಚ್ಚುಕಡಿಮೆ ಸಮತಟ್ಟಾಗಿದೆ, ಹಿರಿಯರೂ ನಿಧಾನವಾಗಿ ನಡೆಯಬಹುದು.

ಮೂರನೆಯ ದಿನ ಮಹಾಕೂಟ, ಶಿವಯೋಗಮಂದಿರ ಮತ್ತು ಪಟ್ಟದಕಲ್ಲು. ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಮಲಪ್ರಭೆಯ ದಂಡೆಯಲ್ಲಿ ಸ್ಥಾಪಿಸಿದ ಶಿವಯೋಗಮಂದಿರವನ್ನು ಪ್ರವಾಸಿಗರು ಸಾಮಾನ್ಯವಾಗಿ ದಾಟಿಹೋಗುತ್ತಾರೆ. ವಟುಗಳು ಕಲಿಯುವ, ವಿಭೂತಿ ತಯಾರಾಗುವ ಆ ಆವರಣ ನಿಮ್ಮ ತಂದೆ-ತಾಯಿಗೆ ಖಂಡಿತ ಹಿಡಿಸುತ್ತದೆ. ನಾಲ್ಕನೆಯ ದಿನ ಬೆಳಿಗ್ಗೆ ಐಹೊಳೆ, ಅಲ್ಲಿಂದ ಅಮೀನಗಡದ ಮೇಲೆ ಕೂಡಲಸಂಗಮ, ಅಲ್ಲಿಂದ ಆಲಮಟ್ಟಿಯ ಮೇಲೆ ಸಂಜೆಗೆ ವಿಜಯಪುರ. ಈ ಒಂದು ದಿನ ಮಾತ್ರ ದೀರ್ಘವಾಗುತ್ತದೆ. ಐದನೆಯ ದಿನವನ್ನು ವಿಜಯಪುರಕ್ಕೇ ಇಟ್ಟು ಮಧ್ಯಾಹ್ನದ ಮೇಲೆ ಊರಿಗೆ ಹೊರಡಿ. ಇದೇ ಐದು ದಿನಗಳಲ್ಲಿ ಹಂಪಿಯನ್ನೂ ಸೇರಿಸಿಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಪ್ರಶ್ನೆ: ನಾವು ಬೇಲೂರು, ಹಳೇಬೀಡುಗಳ ನೆರೆಯವರು. ಐಹೊಳೆಯ ಚಿತ್ರಗಳನ್ನು ನೋಡಿದರೆ ಗುಡಿಗಳು ಬೋಳಾಗಿ, ಒರಟಾಗಿ ಕಾಣುತ್ತವೆ. ಅಷ್ಟು ದೂರ ಹೋಗಿ ನೋಡುವಂಥದ್ದು ಅಲ್ಲಿ ಏನಿದೆ? (ಓದುಗರು, ಹಾಸನ)

ಉತ್ತರ: ಬೇಲೂರಿನ ಕುಸುರಿಯನ್ನು ಅಳತೆಗೋಲು ಮಾಡಿಕೊಂಡು ಐಹೊಳೆಗೆ ಹೋದರೆ ನಿರಾಶೆಯಾಗುವುದು ನಿಜ. ಆದರೆ ಆ ಅಳತೆಗೋಲೇ ಇಲ್ಲಿಗೆ ಹೊಂದುವುದಿಲ್ಲ. ಹೊಯ್ಸಳ ಶಿಲ್ಪಿಗಳ ಕೈಯಲ್ಲಿದ್ದದ್ದು ಬಳಪದ ಕಲ್ಲು; ಗಣಿಯಿಂದ ತೆಗೆದಾಗ ಮೆದುವಾಗಿದ್ದು ಗಾಳಿಗೆ ಕ್ರಮೇಣ ಗಟ್ಟಿಯಾಗುವ ಅದರಲ್ಲಿ ಮಣಿಹಾರದ ಒಂದೊಂದು ಮಣಿಯನ್ನೂ ಬಿಡಿಸಿ ತೋರಿಸಬಹುದು. ಮಲಪ್ರಭೆಯ ಕಣಿವೆಯದು ಮರಳುಗಲ್ಲು. ಅದರ ಕಣ ದಪ್ಪ. ಅದು ದೊಡ್ಡ ಆಕಾರಗಳಿಗೆ, ಮೈಯ ತಿರುವಿಗೆ, ಬೆಳಕು-ನೆರಳಿನ ಆಟಕ್ಕೆ ಒಗ್ಗುವ ಕಲ್ಲು. ಬಾದಾಮಿಯ ತ್ರಿವಿಕ್ರಮನ ಮೈಮೇಲೆ ಆಭರಣ ಕಡಿಮೆ, ಆದರೆ ಮೇಲೆತ್ತಿದ ಕಾಲಿನ ಬಿರುಸು ನೋಡುವವರ ಮೈಗೂ ತಟ್ಟುತ್ತದೆ.

ಇನ್ನು ಐಹೊಳೆಯಲ್ಲಿ ನೋಡಬೇಕಾದದ್ದು ಕಲ್ಲಿನಲ್ಲಿ ಗುಡಿ ಕಟ್ಟುವುದು ಹೇಗೆಂದು ಒಂದು ನಾಡು ಯೋಚಿಸಿದ ಬಗೆಯನ್ನು. ಲಾಡಖಾನ್ ಗುಡಿಯ ಚಾವಣಿಯನ್ನು ಗಮನಿಸಿ: ಚಪ್ಪಡಿಗಳು ಕೂಡುವ ಸಂದುಗಳ ಮೇಲೆ ಉದ್ದನೆಯ ಕಲ್ಲಿನ ಪಟ್ಟಿಗಳನ್ನು ಮರದ ದಿಮ್ಮಿಗಳಂತೆ ಹೊದಿಸಿ ಮಳೆನೀರು ಒಳಗಿಳಿಯದಂತೆ ಮಾಡಿದ್ದಾರೆ, ಮರದ ಮನೆ ಕಟ್ಟುತ್ತಿದ್ದ ಕೈಗಳು ಕಲ್ಲಿಗೆ ಹೊರಳಿದ ಕುರುಹು ಇದು. ಅದರಿಂದ ಕೂಗಳತೆಯಲ್ಲಿರುವ ದುರ್ಗದ ಗುಡಿಯ ಹಿಂಬದಿ ಆನೆಯ ಬೆನ್ನಿನಂತೆ ದುಂಡಗಿದೆ, ಸುತ್ತಲೂ ಕಂಬಸಾಲಿನ ಪ್ರದಕ್ಷಿಣಾಪಥವಿದೆ, ಅದರ ಗೂಡುಗಳಲ್ಲಿ ಮಹಿಷಮರ್ದಿನಿ, ನರಸಿಂಹ, ಹರಿಹರರಿದ್ದಾರೆ. ಬೆಟ್ಟದ ಮೇಲಿನ ಮೇಗುತಿ ಜಿನಾಲಯ ಕ್ರಿ.ಶ. 634ರದು. ಎರಡನೆಯ ಪುಲಕೇಶಿಯನ್ನು ಹೊಗಳಿ ರವಿಕೀರ್ತಿ ಬರೆದ, ಕಾಳಿದಾಸ ಮತ್ತು ಭಾರವಿಯ ಹೆಸರುಗಳನ್ನು ಹೇಳುವ ಪ್ರಶಸ್ತಿ ಅದರ ಗೋಡೆಯಲ್ಲಿದೆ. ಹೀಗೆ ಒಂದೇ ಊರಿನಲ್ಲಿ ಬೇರೆ ಬೇರೆ ಬಗೆಯ ನೂರಕ್ಕೂ ಮಿಕ್ಕಿದ ಗುಡಿಗಳಿವೆ.

ಹಾಸನದವರಾದ ನಿಮಗೆ ಬೇರೆಯವರಿಗಿಲ್ಲದ ಒಂದು ಅನುಕೂಲವಿದೆ. ಹುಬ್ಬಳ್ಳಿಯಿಂದ ಗದಗ ರಸ್ತೆ ಹಿಡಿದು ಅಣ್ಣಿಗೇರಿಯ ಅಮೃತೇಶ್ವರ, ಗದಗಿನ ತ್ರಿಕೂಟೇಶ್ವರ, ಲಕ್ಕುಂಡಿಯ ಕಾಶಿವಿಶ್ವನಾಥ, ಆಮೇಲೆ ಪಟ್ಟದಕಲ್ಲು, ಕೊನೆಗೆ ಐಹೊಳೆ ಎಂಬ ಕ್ರಮದಲ್ಲಿ ಹೋಗಿ. ಅಣ್ಣಿಗೇರಿ, ಲಕ್ಕುಂಡಿಗಳಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಬಳಪದ ಕಲ್ಲಿನ ಕೆಲಸ ಸಿಗುತ್ತದೆ. ಹೊಯ್ಸಳರು ಮೊದಲು ಅದೇ ಚಾಲುಕ್ಯರ ಸಾಮಂತರಾಗಿದ್ದವರು, ಆದ್ದರಿಂದ ಬೇಲೂರಿನ ತಿರುಗಣೆ ಕಂಬದ ಹಿರಿಯರನ್ನು ನೀವು ಅಲ್ಲಿ ಕಂಡೇ ಕಾಣುತ್ತೀರಿ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಲಕ್ಕುಂಡಿಯ ಬ್ರಹ್ಮಜಿನಾಲಯವನ್ನೂ, ಆ ಊರಿನ ಕಲ್ಲಿನ ಬಾವಿಗಳನ್ನೂ ಬಿಡಬೇಡಿ. ನಮ್ಮ ಅಭಿಪ್ರಾಯದಲ್ಲಿ ಇಡೀ ಸೀಮೆಯಲ್ಲಿ ಸಲ್ಲಬೇಕಾದ ಗೌರವ ಸಲ್ಲದೆ ಉಳಿದ ಊರೆಂದರೆ ಲಕ್ಕುಂಡಿ.

ಪ್ರಶ್ನೆ: ನಾನು ವಾಸ್ತುಶಿಲ್ಪದ ವಿದ್ಯಾರ್ಥಿನಿ. ಪಟ್ಟದಕಲ್ಲಿನಲ್ಲಿ ಉತ್ತರದ ನಾಗರ ಶಿಖರ ಮತ್ತು ದಕ್ಷಿಣದ ದ್ರಾವಿಡ ಶಿಖರ ಒಂದೇ ಆವರಣದಲ್ಲಿರುವುದಕ್ಕೆ ಕಾರಣವೇನು? ಒಂದೇ ದಿನದಲ್ಲಿ ಇವನ್ನು ಅಭ್ಯಾಸ ಮಾಡಲು ಸಾಧ್ಯವೇ? (ಓದುಗರು, ಬೆಂಗಳೂರು)

ಉತ್ತರ: ನಾಡಿನ ನಡುವೆ ಕುಳಿತು ಎರಡೂ ಕಡೆಯವರೊಂದಿಗೆ ಕಾದಾಡಿದ, ಕೊಡು-ಕೊಳೆ ನಡೆಸಿದ ಬಾದಾಮಿ ಚಾಲುಕ್ಯ ಅರಸುಮನೆತನದ ಪಟ್ಟಾಭಿಷೇಕದ ಊರು ಅದು. ಜಂಬುಲಿಂಗ, ಕಾಡಸಿದ್ಧೇಶ್ವರ, ಗಳಗನಾಥ ಮತ್ತು ಕಾಶಿವಿಶ್ವನಾಥ ಗುಡಿಗಳು ನಾಗರ ಶೈಲಿಯವು, ಶಿಖರ ಒಳಕ್ಕೆ ಬಾಗುತ್ತ ಮೇಲೇರುತ್ತದೆ. ವಿಜಯಾದಿತ್ಯ ಕಟ್ಟಿಸಿದ ಸಂಗಮೇಶ್ವರ ಹಾಗೂ ಎರಡನೆಯ ವಿಕ್ರಮಾದಿತ್ಯನ ರಾಣಿಯರಾದ ಅಕ್ಕ-ತಂಗಿಯರು ಕಟ್ಟಿಸಿದ ವಿರೂಪಾಕ್ಷ ಮತ್ತು ಮಲ್ಲಿಕಾರ್ಜುನ ದ್ರಾವಿಡ ಶೈಲಿಯವು, ಶಿಖರ ಅಂತಸ್ತು ಅಂತಸ್ತಾಗಿ ಮೇಲೇರುತ್ತದೆ. ವಿಕ್ರಮಾದಿತ್ಯ ಕಂಚಿಯನ್ನು ಗೆದ್ದನಾದರೂ ಅಲ್ಲಿನ ಕೈಲಾಸನಾಥ ದೇವಾಲಯದ ಸಂಪತ್ತನ್ನು ದೇವರಿಗೇ ಹಿಂತಿರುಗಿಸಿದನೆಂದು ಆ ದೇವಾಲಯದ ಕಂಬದಲ್ಲಿ ಕನ್ನಡದಲ್ಲೇ ಕೆತ್ತಲಾಗಿದೆ. ಆ ಗೆಲುವಿನ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಯಲ್ಲಿ ಕಂಚಿಯ ಛಾಯೆಯಿರುವುದು ಸಹಜ. ಅದನ್ನು ಕಟ್ಟಿದ ಗುಂಡ ಅನಿವಾರಿತಾಚಾರಿಗೆ ‘ತ್ರಿಭುವನಾಚಾರ್ಯ’ ಎಂಬ ಬಿರುದು ಸಂದ ಸಂಗತಿಯೂ ಗುಡಿಯ ಶಾಸನದಲ್ಲಿದೆ. ಕಟ್ಟಿದ ಸೂತ್ರಧಾರಿಯ ಹೆಸರು ಸ್ಪಷ್ಟವಾಗಿ ಉಳಿದಿರುವ ಇಂಥ ಹಳೆಯ ದೊಡ್ಡ ಕಟ್ಟಡಗಳು ನಮ್ಮಲ್ಲಿ ವಿರಳ.

ಶೈಲಿಗಳು ಅಕ್ಕಪಕ್ಕದಲ್ಲಿ ನಿಂತಿವೆ ಅಷ್ಟೇ ಎಂದುಕೊಳ್ಳಬೇಡಿ. ಆವರಣದ ದಕ್ಷಿಣಕ್ಕೆ, ನದಿಯ ಕಡೆಗಿರುವ ಪಾಪನಾಥ ಗುಡಿಗೆ ತಪ್ಪದೆ ನಡೆದುಹೋಗಿ. ಹೆಚ್ಚಿನವರು ವಿರೂಪಾಕ್ಷದಿಂದಲೇ ಹಿಂತಿರುಗುತ್ತಾರೆ. ಪಾಪನಾಥದ ಶಿಖರ ನಾಗರ, ಗೋಡೆಯ ಹಲವು ಅಂಗಗಳು ದಕ್ಷಿಣದ ಪದ್ಧತಿಯವು, ಹೊರಗೋಡೆಯಲ್ಲಿ ರಾಮಾಯಣದ ದೃಶ್ಯಗಳಿದ್ದು ಪಾತ್ರಗಳ ಹೆಸರುಗಳನ್ನು ಹಳಗನ್ನಡ ಲಿಪಿಯಲ್ಲಿ ಪಕ್ಕದಲ್ಲೇ ಕೆತ್ತಲಾಗಿದೆ. ಕೀರ್ತಿವರ್ಮನ ಕಾಲದ ಸ್ತಂಭಶಾಸನ ಇನ್ನೂ ಸ್ವಾರಸ್ಯಕರ: ಒಂದೇ ಸಂಸ್ಕೃತ ಪಾಠವನ್ನು ಉತ್ತರದ ಸಿದ್ಧಮಾತೃಕಾ ಲಿಪಿಯಲ್ಲಿಯೂ ಇಲ್ಲಿನ ಕನ್ನಡ ಲಿಪಿಯಲ್ಲಿಯೂ ಬರೆಸಲಾಗಿದೆ. ಗುಡಿಗಳ ಶಿಖರದಲ್ಲಿ ಕಾಣುವ ಮನೋಧರ್ಮವೇ ಆ ಕಂಬದ ಅಕ್ಷರಗಳಲ್ಲಿಯೂ ಇದೆ.

ಒಂದು ದಿನ ನೋಡಲು ಸಾಕು, ಅಭ್ಯಾಸಕ್ಕೆ ಸಾಲದು. ಬೆಳಿಗ್ಗೆ ಒಮ್ಮೆ, ಇನ್ನೊಂದು ದಿನ ಇಳಿಹೊತ್ತಿನಲ್ಲಿ ಒಮ್ಮೆ ಹೋದರೆ ಪೂರ್ವದ ಮತ್ತು ಪಶ್ಚಿಮದ ಗೋಡೆಗಳೆರಡಕ್ಕೂ ಬೆಳಕು ಸಿಗುತ್ತದೆ. ಪುರಾತತ್ತ್ವ ಇಲಾಖೆಯ ವಸ್ತುಸಂಗ್ರಹಾಲಯಗಳಿಗೆ ಶುಕ್ರವಾರ ರಜೆ, ಬಾದಾಮಿಯ ಸಂಗ್ರಹಾಲಯವನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿ. ಮಹಾಕೂಟದ ಪ್ರಸಿದ್ಧ ಶಾಸನಸ್ತಂಭವನ್ನು ಮಹಾಕೂಟದಲ್ಲಿ ಹುಡುಕಿ ಫಲವಿಲ್ಲ. ಅದು ವಿಜಯಪುರದ ಗೋಳಗುಮ್ಮಟದ ಮುಂದಿನ ಸಂಗ್ರಹಾಲಯದಲ್ಲಿದೆ.

ಪ್ರಶ್ನೆ: ಕರಾವಳಿಯವರಾದ ನಮಗೆ ಮಕ್ಕಳ ಬೇಸಿಗೆ ರಜೆಯಲ್ಲಷ್ಟೇ ಬಿಡುವು. ಏಪ್ರಿಲ್‌ನಲ್ಲಿ ಹೋಗಬಹುದೇ? (ಓದುಗರು, ಮಂಗಳೂರು)

ಉತ್ತರ: ಹೋಗಬೇಡಿ ಎಂಬುದು ನಮ್ಮ ನೇರ ಸಲಹೆ. ಏಪ್ರಿಲ್-ಮೇ ತಿಂಗಳುಗಳಲ್ಲಿ ಅಲ್ಲಿನ ಬಿಸಿಲು ನಲವತ್ತು ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಗುಡಿಯ ಅಂಗಳದ ಕಲ್ಲುಹಾಸಿನ ಮೇಲೆ ಬರಿಗಾಲಿನಲ್ಲಿ ಎರಡು ಹೆಜ್ಜೆ ಇಡಲಾಗುವುದಿಲ್ಲ. ದಸರಾ ರಜೆಯಲ್ಲಿ ಹೋಗಿ. ಮಳೆ ಹಿಂದೆಗೆದ ಆ ದಿನಗಳಲ್ಲಿ ಕೆಂಪು ಬಂಡೆಗಳ ಸಂದಿಯಲ್ಲೂ ಹಸಿರಿರುತ್ತದೆ, ಮಲಪ್ರಭೆಯಲ್ಲೂ ನೀರಿರುತ್ತದೆ. ಅದು ತಪ್ಪಿದರೆ ಡಿಸೆಂಬರ್ ಕೊನೆ ಅಥವಾ ಜನವರಿ. ಆಗ ಗದಗ, ವಿಜಯಪುರ ಕಡೆಯ ಎರೆಹೊಲಗಳಲ್ಲಿ ಬಿಳಿಜೋಳ ಎದೆಯೆತ್ತರ ನಿಂತಿರುತ್ತದೆ. ಎಳ್ಳಮಾವಾಸ್ಯೆಯ ದಿನ ಪ್ರಯಾಣದಲ್ಲಿದ್ದರೆ ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವುದನ್ನು ನೋಡಬಹುದು. ಬೆಳೆ ಹದಕ್ಕೆ ಬಂದ ಮೇಲೆ ಹೋದವರಿಗೆ ಸುಟ್ಟ ಸೀತನಿಯೂ (ಎಳೆಯ ಜೋಳದ ತೆನೆ) ಸಿಕ್ಕೀತು.

ಮಳೆಗಾಲದ ನಡುವೆ ಹೋಗುವವರು ನದಿಯ ಸ್ಥಿತಿ ವಿಚಾರಿಸಿಕೊಂಡು ಹೊರಡಬೇಕು. 2019ರ ಆಗಸ್ಟ್‌ನಲ್ಲಿ ಮಲಪ್ರಭೆಯ ನೆರೆ ಪಟ್ಟದಕಲ್ಲಿನ ಗುಡಿಗಳೊಳಗೇ ನುಗ್ಗಿತ್ತು. ಆದರೆ ಒಳ್ಳೆಯ ಮಳೆ ಬಿದ್ದ ಮರುದಿನ ಬಾದಾಮಿಯ ಕೆರೆಗೆ ಬಂಡೆಯ ಮೇಲಿನಿಂದ ಧುಮುಕುವ ಅಕ್ಕ-ತಂಗಿ ಜಲಪಾತಗಳು ಬೇರೆ ಯಾವ ಕಾಲದಲ್ಲಿಯೂ ಕಾಣಸಿಗುವುದಿಲ್ಲ.

ಪ್ರಶ್ನೆ: ನಾವು ಅಮೆರಿಕದಲ್ಲಿರುವ ಕನ್ನಡಿಗರು. ರಜೆಗೆ ಬಂದಾಗ ಹದಿಹರೆಯದ ಮಕ್ಕಳನ್ನು ಬಾದಾಮಿಗೆ ಕರೆದೊಯ್ಯುವ ಆಸೆ. ಕನ್ನಡ ಮಾತನಾಡುತ್ತಾರೆ, ಓದಲು ತಡವರಿಸುತ್ತಾರೆ, ಗುಡಿಗಳೆಂದರೆ ಬೇಸರ. ಏನು ತೋರಿಸಬೇಕು? (ಓದುಗರು, ನ್ಯೂಜೆರ್ಸಿ)

ಉತ್ತರ: ಕಪ್ಪೆ ಅರಭಟ್ಟನ ಶಾಸನವನ್ನು ತೋರಿಸಿ. ಊರಿನ ಈಶಾನ್ಯದ ಬಂಡೆಯಲ್ಲಿ, ತಟ್ಟುಕೋಟಿಯ ಕಡೆ, ಕ್ರಿ.ಶ. 700ರ ಸುಮಾರಿಗೆ ಕೆತ್ತಿದ ಹತ್ತು ಸಾಲುಗಳು ಅವು. ರಾಜನ ದಾನವಿಲ್ಲ, ವಂಶಾವಳಿಯಿಲ್ಲ. ಒಬ್ಬ ವೀರನ ಗುಣವನ್ನು ಹಾಡಿನ ಲಯದಲ್ಲಿ ಹೇಳುವ ಮಾತುಗಳು. ‘ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್ ಮಾಧವನ್ ಈತನ್ ಪೆರನಲ್ಲ’ ಎಂಬ ಸಾಲುಗಳನ್ನು ಹೊರಡುವ ಮುನ್ನವೇ ಮನೆಯಲ್ಲಿ ಬಾಯಿಪಾಠ ಮಾಡಿಸಿ. ಒಳ್ಳೆಯವರಿಗೆ ಒಳ್ಳೆಯವನು, ಸವಿಯಾಗಿರುವವರಿಗೆ ಸವಿ, ಕೆಣಕುವವರಿಗೆ ಕಲಿಯುಗದ ವಿಪರೀತ ಪುರುಷ, ಇವನು ಮಾಧವನೇ ಹೊರತು ಬೇರೆಯವನಲ್ಲ ಎಂಬ ಅರ್ಥವನ್ನು ಹದಿಹರೆಯದವರಿಗೆ ಬಿಡಿಸಿ ಹೇಳಬೇಕಾದ ಅಗತ್ಯವೂ ಬೀಳದು. ನಮ್ಮ ಗರತಿಯರು ಬೀಸುಕಲ್ಲಿನ ಮುಂದೆ ಹಾಡುತ್ತ ಬಂದ ತ್ರಿಪದಿಯ ಅತಿ ಹಳೆಯ ಮಾದರಿ ಇದೇ. ಬಂಡೆಯ ಬಳಿ ಹೋದಾಗ ಪ್ರತಿ ಅಕ್ಷರವೂ ಗುರುತು ಸಿಗುವುದಿಲ್ಲ, ಆದರೆ ‘ಗ’, ‘ರ’ದಂಥ ಒಂದೆರಡು ಅಕ್ಷರಗಳನ್ನು ಹಿಡಿದುಬಿಟ್ಟರೆ ಮಕ್ಕಳು ತಾವಾಗಿಯೇ ಮುಂದಿನದನ್ನು ಹುಡುಕತೊಡಗುತ್ತಾರೆ. ಶಾಸನದ ಜಾಗ ಬಲ್ಲ ಸ್ಥಳೀಯ ಮಾರ್ಗದರ್ಶಿಯನ್ನು ಜೊತೆಗೆ ಕರೆದುಕೊಳ್ಳಿ. ಗುಹಾಲಯಗಳಷ್ಟೇ ಗೊತ್ತಿರುವವರಿಂದ ಉಪಯೋಗವಿಲ್ಲ.

ಪ್ರಶ್ನೆ: ಸೊಲ್ಲಾಪುರದಿಂದ ವಿಜಯಪುರಕ್ಕೆ ಒಂದು ದಿನದ ಮಟ್ಟಿಗೆ ಬರುತ್ತೇವೆ. ಹಿಂದೊಮ್ಮೆ ಬಂದಾಗ ಗೋಳಗುಮ್ಮಟದಲ್ಲಿ ಗದ್ದಲದ ಹೊರತು ಏನೂ ಕೇಳಿಸಲಿಲ್ಲ. (ಓದುಗರು, ಸೊಲ್ಲಾಪುರ)

ಉತ್ತರ: ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಿ. ಶಾಲಾ ಮಕ್ಕಳ ಬಸ್ಸುಗಳು ಬಂದ ಮೇಲೆ ಪಿಸುಗುಟ್ಟುವ ಮೊಗಸಾಲೆಯಲ್ಲಿ ಪಿಸುಮಾತಿಗೆ ಜಾಗವಿಲ್ಲ. ಮೂಲೆಯ ಏಳು ಅಂತಸ್ತಿನ ಗೋಪುರದೊಳಗಿನ ಮೆಟ್ಟಿಲು ಕಡಿದು, ಕಿರಿದು, ನಿಧಾನವಾಗಿ ಹತ್ತಿ. ಮೇಲೆ ಒಬ್ಬರು ಗೋಡೆಗೆ ಮುಖವಿಟ್ಟು ಮೆಲ್ಲಗೆ ಮಾತಾಡಲಿ, ಇನ್ನೊಬ್ಬರು ಎದುರುಬದಿಯಲ್ಲಿ ಗೋಡೆಗೆ ಕಿವಿಯಿಟ್ಟು ಕೂರಲಿ. ಕೂಗಬೇಡಿ, ಕೈಗಡಿಯಾರದ ಟಿಕ್‌ಟಿಕ್ ಅಥವಾ ಕಾಗದ ಹರಿಯುವ ಸದ್ದು ಸಾಕು. ಕೆಳಗೆ ಬಂದ ಮೇಲೆ ನಡುವಣ ಕಟ್ಟೆಯ ಬಳಿ ನಿಂತು ಮೇಲೆ ನೋಡಿ: ಹೊರಗಿನಿಂದ 44 ಮೀಟರ್ ಅಗಲದ ಗುಮ್ಮಟಕ್ಕೆ ನಡುವೆ ಒಂದೇ ಒಂದು ಕಂಬವಿಲ್ಲ. ಚೌಕ ಕೋಣೆಯ ಗೋಡೆಗಳಿಂದ ಎದ್ದು ಒಂದನ್ನೊಂದು ಕತ್ತರಿಸಿಕೊಂಡು ಹೋಗುವ ಕಮಾನುಗಳು ಚೌಕವನ್ನು ದುಂಡಗಾಗಿಸಿ, ಗುಮ್ಮಟದ ಭಾರವನ್ನು ಗೋಡೆಗಳಿಗೆ ಇಳಿಸುತ್ತವೆ. ಬಾದಾಮಿಯ ಕೆಂಪು ಮರಳುಗಲ್ಲು ಇಲ್ಲಿಲ್ಲ, ಇದು ಕಪ್ಪುಕಲ್ಲಿನ ಸೀಮೆ; ಕಲ್ಲಿನೊಂದಿಗೆ ಸುಣ್ಣದ ಗಾರೆಯನ್ನು ನೆಚ್ಚಿ ಆದಿಲ್‌ಶಾಹಿಗಳು ಕಟ್ಟಿದರು. ಮಹಮದ್ ಆದಿಲ್‌ಶಾಹ 1656ರಲ್ಲಿ ತೀರಿಕೊಂಡು ಇಲ್ಲಿಯೇ ಮಣ್ಣಾದ.

ಗುಮ್ಮಟವೊಂದನ್ನೇ ನೋಡಿ ಹಿಂತಿರುಗುವುದು ವಿಜಯಪುರಕ್ಕೆ ಮಾಡುವ ಅನ್ಯಾಯ. ಊರಿನ ಪಶ್ಚಿಮಕ್ಕಿರುವ ಇಬ್ರಾಹಿಂ ರೋಜಾದಲ್ಲಿ ಒಂದೇ ಜಗತಿಯ ಮೇಲೆ ಗೋರಿಯೂ ಮಸೀದಿಯೂ ಎದುರುಬದುರಾಗಿ ನಿಂತಿವೆ. ಸಂಗೀತಪ್ರಿಯನಾಗಿ, ‘ಜಗದ್ಗುರು ಬಾದಶಹ’ನೆಂದು ಹೆಸರಾಗಿದ್ದ ಎರಡನೆಯ ಇಬ್ರಾಹಿಮನ ಸಮಾಧಿಯದು. ಕಲ್ಲಿನ ಜಾಲಂದ್ರಗಳಲ್ಲಿ ಅರಬ್ಬೀ ಅಕ್ಷರಗಳನ್ನೇ ಹೆಣೆದಿದ್ದಾರೆ, ಬೆಳಕು ಆ ಅಕ್ಷರಗಳ ಸಂದಿಯಿಂದ ಒಳಗೆ ಬರುತ್ತದೆ. ಸೊಬಗಿನಲ್ಲಿ ಇದು ಗೋಳಗುಮ್ಮಟಕ್ಕಿಂತ ಒಂದು ಕೈ ಮೇಲು ಎನ್ನುವವರಲ್ಲಿ ನಾವೂ ಇದ್ದೇವೆ. ದಾರಿಯಲ್ಲಿ 1549ರಲ್ಲಿ ಎರಕಹೊಯ್ದ, 55 ಟನ್ ತೂಕದ ಮಲಿಕ್-ಎ-ಮೈದಾನ್ ತೋಪು ಮತ್ತು ಮುಗಿಯದೆ ನಿಂತ ಬಾರಾ ಕಮಾನ್ ಸಿಗುತ್ತವೆ. ಹೊತ್ತಿದ್ದರೆ ಟಾಂಗಾ ಹಿಡಿಯಿರಿ.

ಪ್ರಶ್ನೆ: ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಸ್ಥಳ ಬಾವಿಯಂಥ ಕಟ್ಟಡದೊಳಗೆ ಏಕಿದೆ? ಮೆಟ್ಟಿಲಿಳಿಯಲಾಗದ ಅತ್ತೆಯವರನ್ನು ಕರೆದೊಯ್ದರೆ ಪ್ರಯೋಜನವಿದೆಯೇ? (ಓದುಗರು, ಮೈಸೂರು)

ಉತ್ತರ: ಕೃಷ್ಣೆಗೆ ನಾರಾಯಣಪುರದಲ್ಲಿ ಅಣೆಕಟ್ಟು ಕಟ್ಟಿದಾಗ ಹಿನ್ನೀರು ಸಂಗಮದವರೆಗೆ ಚಾಚಿತು. ಐಕ್ಯಮಂಟಪವನ್ನು ಬೇರೆಡೆಗೆ ಸಾಗಿಸದೆ, ಇದ್ದಲ್ಲಿಯೇ ಉಳಿಸಿ ಸುತ್ತಲೂ ಎತ್ತರದ ಗೋಡೆ ಎಬ್ಬಿಸಲಾಯಿತು. ಆದ್ದರಿಂದಲೇ ಹೊರಗೆ ನೀರು, ನಡುವೆ ಸೇತುವೆ, ಒಳಗೆ ಆಳಕ್ಕಿಳಿಯುವ ಮೆಟ್ಟಿಲುಗಳು. ನಿಮ್ಮ ಅತ್ತೆಯವರು ಸೇತುವೆಯ ಮೇಲಿನಿಂದ ಮಂಟಪದ ಕಡೆ ಕೈಮುಗಿಯಬಹುದು, ಕೃಷ್ಣಾ-ಮಲಪ್ರಭೆಯರು ಕೂಡುವುದನ್ನೂ ನೋಡಬಹುದು. ಬಸವಣ್ಣನವರ ವಚನಗಳ ಅಂಕಿತದಲ್ಲಿರುವ ಸಂಗಮನಾಥನ ಗುಡಿ ದಂಡೆಯ ಮೇಲೆಯೇ ಇದೆ, ಅಲ್ಲಿಗೆ ತೊಂದರೆಯಿಲ್ಲ. ಅವರಿಗೆ ವಚನಗಳಲ್ಲಿ ಆಸಕ್ತಿಯಿದ್ದರೆ ವಿಜಯಪುರಕ್ಕೆ ಹೋಗುವಾಗ ಬಸವನ ಬಾಗೇವಾಡಿಯನ್ನೂ ಸೇರಿಸಿಕೊಳ್ಳಿ.

ಪ್ರಶ್ನೆ: ಊಟದ ವ್ಯವಸ್ಥೆ ಹೇಗೆ? ಖಾರ ತಿನ್ನದವರು ಏನು ಮಾಡಬೇಕು? (ಓದುಗರು, ಶಿರಸಿ)

ಉತ್ತರ: ಬನಶಂಕರಿಯ ಹೊಂಡದ ಸುತ್ತ ಬುಟ್ಟಿಯಿಟ್ಟುಕೊಂಡು ಕೂತ ಹೆಣ್ಣುಮಕ್ಕಳು ‘ಊಟ ಮಾಡ್ತೀರೇನ್ರೀ, ರೊಟ್ಟಿ ಅದಾವ’ ಎಂದು ಕರೆಯುತ್ತಾರೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿ, ಕೆಂಪು ಮೆಣಸಿನಕಾಯಿ ಚಟ್ನಿ, ಪುಟ್ಟ ಗಡಿಗೆಯಲ್ಲಿ ಗಟ್ಟಿ ಮೊಸರು. ಖಾರ ಬೇಡದವರು ಕೆಂಪು ಚಟ್ನಿಯನ್ನು ಮಾತ್ರ ಮುಟ್ಟದೆ ಇನ್ನೊಂದು ಗಡಿಗೆ ಮೊಸರು ಹಾಕಿಸಿಕೊಂಡರಾಯಿತು. ಪುಷ್ಯಮಾಸದ ಬನದ ಹುಣ್ಣಿಮೆಗೆ ತೇರು. ಜಾತ್ರೆ ವಾರಗಟ್ಟಲೆ ನಡೆಯುತ್ತದೆ, ವೃತ್ತಿ ನಾಟಕ ಕಂಪನಿಗಳು ಡೇರೆ ಹಾಕಿ ರಾತ್ರಿಯಿಡೀ ಆಡುತ್ತವೆ. ಆ ದಿನಗಳಲ್ಲಿ ಬಾದಾಮಿಯಲ್ಲಿ ಕೋಣೆ ಸಿಗುವುದು ಕಷ್ಟ, ಮೊದಲೇ ಗೊತ್ತುಮಾಡಿಕೊಳ್ಳಿ. ಐಹೊಳೆಯಲ್ಲಿ ಊಟದ ಅನುಕೂಲ ಕಡಿಮೆ. ಅಮೀನಗಡದಲ್ಲಿ ಕರದಂಟು, ಗುಳೇದಗುಡ್ಡದಲ್ಲಿ ಖಣ, ಇಳಕಲ್ಲಿನಲ್ಲಿ ಸೀರೆ ಕೊಳ್ಳದೆ ಬರುವವರು ವಿರಳ.

ಪ್ರಶ್ನೆ: ಸ್ವಂತ ವಾಹನವಿಲ್ಲದವರು ರೈಲಿನಲ್ಲಿ ಹೋಗಲು ಅನುಕೂಲವಿದೆಯೇ? (ಓದುಗರು, ತುಮಕೂರು)

ಉತ್ತರ: ಮೈಸೂರಿನಿಂದ ಬೆಂಗಳೂರು, ಹುಬ್ಬಳ್ಳಿ, ಗದಗಿನ ಮೇಲೆ ಹೋಗುವ ಗೋಲಗುಂಬಜ್ ಎಕ್ಸ್‌ಪ್ರೆಸ್ ಬಾದಾಮಿ, ಬಾಗಲಕೋಟೆ, ಆಲಮಟ್ಟಿ ಮತ್ತು ವಿಜಯಪುರಗಳನ್ನು ಒಂದೇ ಹಳಿಯ ಮೇಲೆ ಮುಟ್ಟಿಸಿ ಸೊಲ್ಲಾಪುರ, ಪಂಢರಪುರಗಳ ಕಡೆ ಸಾಗುತ್ತದೆ. ವಿಠ್ಠಲನ ದರ್ಶನಕ್ಕೆ ಹೋಗುವವರೂ ಇದೇ ಗಾಡಿಯಲ್ಲಿರುತ್ತಾರೆ. ಬಾದಾಮಿ ನಿಲ್ದಾಣದಿಂದ ಊರು ಸುಮಾರು ಐದು ಕಿಲೋಮೀಟರ್ ದೂರವಿದೆ, ಆಟೋ ಸಿಗುತ್ತವೆ. ಬಾದಾಮಿಯಿಂದ ಪಟ್ಟದಕಲ್ಲಿಗೆ ಸಾರಿಗೆ ಬಸ್ಸುಗಳಿದ್ದರೂ ಐಹೊಳೆಯನ್ನು ಸೇರಿಸಿ ಒಂದೇ ದಿನದಲ್ಲಿ ಹಿಂತಿರುಗುವುದಾದರೆ ಆಟೋ ಅಥವಾ ಕಾರನ್ನು ದಿನದ ಬಾಡಿಗೆಗೆ ಮಾತಾಡಿಕೊಳ್ಳುವುದೇ ಸರಿ. ಹೊರಡುವ ಮುನ್ನ ಮಹಾಕೂಟವೂ ಸೇರಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಅದು ಪಟ್ಟದಕಲ್ಲಿನ ರಸ್ತೆಯಿಂದ ಒಳಗಿರುವುದರಿಂದ ಆಮೇಲೆ ಬೇರೆ ಬಾಡಿಗೆ ಕೇಳುತ್ತಾರೆ.